ಎಣ್ಣೆ ಡಬ್ಬಿಯ ಮೇಲಿನ ಪಾಠ

ಮೊನ್ನೆ ಭಾನುವಾರ ಬೆಳಗ್ಗೆ ದಾಬೋಲಿಮ್‌ನ ನಮ್ಮ ಬಾಡಿಗೆ ಮನೆಯ ಮುಂದೆ ಹೊಸ ಪಿಕಪ್ ಗಾಡಿಯೊಂದು ಬಂದು ನಿಂತಿತು. ಮುಂದೆ ಚೆಂಡು ಹೂವಿನ ಹಾರ, ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಇಳಿದವನು ನಮ್ಮ ಹಳೆಯ ವಿದ್ಯಾರ್ಥಿ. ಅವನ ಅಪ್ಪ ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಗೋವೆಗೆ ಬಂದವರು. ಹುಡುಗ ನಾಲ್ಕನೆಯ ತರಗತಿಯವರೆಗೆ ನಮ್ಮ ಕೈಯಲ್ಲೇ ಕನ್ನಡ ಕಲಿತವನು. ಈಗ ಬೆಳಗಾವಿಯಿಂದ ತರಕಾರಿ ತಂದು ವಾಸ್ಕೋದಲ್ಲಿ ಹಾಕುತ್ತಾನೆ. ಇಷ್ಟು ದಿನ ಬೇರೆಯವರ ಗಾಡಿ, ಈಗ ಸಾಲ ಮಾಡಿ ತನ್ನದೇ ಗಾಡಿ.

ಪೇಡೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದ. ನಮ್ಮಿಬ್ಬರಿಗೂ, ಗಂಡ-ಹೆಂಡತಿ ಇಬ್ಬರೂ ಶಿಕ್ಷಕರಾದ ನಮಗೆ, ಕಣ್ಣು ತುಂಬಿ ಬಂತು. ಆಮೇಲೆ ಸೀಟಿನ ಕೆಳಗಿಂದ ಒಂದು ಎಣ್ಣೆ ಡಬ್ಬಿ, ಒಂದು ದಪ್ಪ ಪುಸ್ತಕ ತೆಗೆದ.

"ಸರ, ಘಾಟದಾಗ ಬೇಕಾದ್ರ ಇರಲಿ ಅಂತ ಒಂದು ಡಬ್ಬಿ ತಗೊಂಡೀನ್ರಿ. ಭಾರ ಹೊರೋ ಗಾಡಿಗೆ ದಪ್ಪ ಎಣ್ಣಿನ ಹಾಕಬೇಕು ಅಂದ ಅಂಗಡ್ಯಾಂವ. ಈ ಪುಸ್ತಕ ಪೂರ್ತಿ ಇಂಗ್ಲಿಷನ್ಯಾಗ ಐತ್ರಿ. ಸ್ವಲ್ಪ ಓದಿ ಹೇಳ್ರಿ ಟೀಚರ್."

ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ನಮ್ಮ ಸ್ಕೂಟರಿಗೆ ಮೆಕ್ಯಾನಿಕ್ ಯಾವ ಎಣ್ಣೆ ಹಾಕುತ್ತಾನೆ ಎಂದು ಒಮ್ಮೆಯೂ ಕೇಳಿದವರಲ್ಲ. ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನೋಡಿದ್ದೆವು, ಅಷ್ಟೇ. ಮೂವರೂ ಕೂತು ಓದಿದೆವು.

ಡಬ್ಬಿಯ ಮೇಲೆ 20ಡಬ್ಲ್ಯು-50 ಎಂದಿತ್ತು, ಪುಸ್ತಕದಲ್ಲಿ 5ಡಬ್ಲ್ಯು-30. ಡಬ್ಲ್ಯು ಎಂದರೆ ಇಂಗ್ಲಿಷಿನ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಅಂಕಿ ಸಣ್ಣದಾದಷ್ಟೂ ಹರಿವು ಸಲೀಸು. ಮುಂದಿನ ಅಂಕಿ ಎಣ್ಣೆ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ದಾಬೋಲಿಮ್‌ನಲ್ಲಿ ಚಳಿ ಎಲ್ಲಿದೆ ಎನ್ನಬಹುದು. ಆದರೆ ಇಂದಿನ ಎಂಜಿನ್ನುಗಳ ಒಳಸಂದುಗಳು, ಎಣ್ಣೆ ದೂಡುವ ಪಂಪು ಎಲ್ಲ ತೆಳು ಎಣ್ಣೆಗೆಂದೇ ಮಾಡಿದವು. ಬೆಳಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಎಣ್ಣೆ ಎಲ್ಲ ಕಡೆ ಮುಟ್ಟಬೇಕು. ದಪ್ಪ ಎಣ್ಣೆ ತಡವಾಗಿ ಮುಟ್ಟುತ್ತದೆ, ಡೀಸೆಲ್ಲನ್ನೂ ಹೆಚ್ಚು ತಿನ್ನುತ್ತದೆ.

ಇನ್ನೊಂದು ಮಾತು ಅದಕ್ಕಿಂತ ಮುಖ್ಯ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ನಿಯಮ ಬಂತು. ಇವನ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇದೆ, ಅದಕ್ಕೆ ಡಿಪಿಎಫ್ ಎನ್ನುತ್ತಾರೆ. ಅದರಲ್ಲಿ ಸೇರಿದ ಮಸಿ ಬಿಸಿಗೆ ಸುಟ್ಟುಹೋಗುತ್ತದೆ. ಆದರೆ ಎಂಜಿನ್ ಎಣ್ಣೆ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕೂತು ಜಾಲರಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕಿ ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಜಾಲರಿ ಬದಲಾಯಿಸುವ ಖರ್ಚು ಕೇಳಿದರೆ ಸಾಲದ ಕಂತು ಕಟ್ಟುವವನ ಎದೆ ಒಡೆಯಬೇಕು!

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂಕಿ ಎರಡೂ ಕಡೆ ನನಗೂ ಓದಾಕ ಬರ್ತಿತ್ತಲ್ರಿ ಸರ. ಹೊಂದಿಸಿ ನೋಡಬೇಕು ಅಂತ ಹೊಳೀಲಿಲ್ಲ" ಎಂದ. ಆ ಮಾತು ನಮಗೇ ಚುಚ್ಚಿತು. ಓದಲು ಕಲಿಸಿದೆವು, ಪುಸ್ತಕವನ್ನೂ ಡಬ್ಬಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದನ್ನು ಕಲಿಸಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಅಂದೇ ಅಂಗಡಿಗೆ ಹೋಗಿ ಮೇಲೆ ಹಣ ಕೊಟ್ಟು ಪುಸ್ತಕ ಹೇಳಿದ್ದನ್ನೇ ತಂದ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು, ಅಳತೆ ಕಡ್ಡಿ ಎಳೆದು ನೋಡಿದೆವು. ಎಣ್ಣೆ ಎರಡು ಗುರುತುಗಳ ನಡುವೆ ಸರಿಯಾಗಿಯೇ ಇತ್ತು. ಹೆಚ್ಚು ಸುರಿದರೂ ಕೇಡೇ.

ಸೋಮವಾರ ತರಗತಿಯ ಕಪ್ಪು ಹಲಗೆಯ ಮೇಲೆ 5ಡಬ್ಲ್ಯು-30 ಎಂದು ಬರೆದೆವು. ಹಿಂದಿನ ಬೆಂಚಿನ ಹುಡುಗನೊಬ್ಬ, ಎಂದೂ ಬಾಯಿ ಬಿಡದವನು, "ನಮ್ಮಪ್ಪನ ಗಾಡಿ ಡಬ್ಬಿ ಮ್ಯಾಲೂ ಹಿಂಗ ಐತ್ರಿ" ಎಂದು ಎದ್ದು ನಿಂತ.

ನಿಮ್ಮ ಶಾಲೆಯ ಪಾಲಕರಲ್ಲೂ ಗಾಡಿ ಓಡಿಸುವವರು ಇದ್ದೇ ಇರುತ್ತಾರೆ. ಗಾಡಿಯ ಪುಸ್ತಕವನ್ನು ಒಂದು ದಿನ ಶಾಲೆಗೆ ತರಲು ಹೇಳಿ. ಮಕ್ಕಳ ಜೊತೆ ಕೂತು ಓದಿ. ಏನಂತೀರಿ?