ಗುತ್ತೂರಿನ ಹೊಳೆದಂಡೆಯಲ್ಲಿ

ಹರಿಹರಕ್ಕೆ ಬರುವ ಯಾತ್ರಿಕನು ಮೊದಲು ಅರಸುವುದು ಹರಿಹರೇಶ್ವರನ ಸನ್ನಿಧಿಯನ್ನು. ಅರ್ಧ ಹರಿಯಾಗಿ, ಅರ್ಧ ಹರನಾಗಿ ನಿಂತ ಆ ಮೂರ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಗುಡಿ ಕಟ್ಟಿಸಿದ್ದು 1224ರಲ್ಲಿ. ದರ್ಶನ ಮುಗಿಸಿ, ಪೇಟೆಯ ಗದ್ದಲವನ್ನು ಹಿಂದಿಕ್ಕಿ ಗುತ್ತೂರಿನತ್ತ ಸಾಗಿದವನಿಗೆ ತುಂಗಭದ್ರೆಯ ಬೇರೊಂದು ಮುಖ ಕಾಣುತ್ತದೆ. ಗುಡಿಯ ಬಳಿ ತೀರ್ಥವೆನಿಸಿದ ನೀರು ಇಲ್ಲಿ ಗದ್ದೆಗೆ ಹಾಯುವ ನೀರು, ದನ ಇಳಿದು ಕುಡಿಯುವ ನೀರು. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿಯನ್ನು ಹಾಯ್ದು, ಸೂಳೆಕೆರೆಯಿಂದ ಇಳಿದು ಬರುವ ಹರಿದ್ರೆಯನ್ನು ಕೂಡಿಸಿಕೊಂಡು ಮುಂದೆ ಹೋಗುವುದು ಈ ದಾರಿಯಲ್ಲಿಯೇ.

ಈ ಸೀಮೆಗೆ ಬಂದ ಪರಸ್ಥಳದವರು ಸಾಮಾನ್ಯವಾಗಿ ತಂಗುವುದು ಹರಿಹರದಲ್ಲಿ, ಇಲ್ಲವೇ ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಯಲ್ಲಿ. ದಾವಣಗೆರೆಯ ನಲ್ಲಿಗಳಿಗೂ ನೀರು ಏರುವುದು ಇದೇ ಹೊಳೆಯಿಂದ, ರಾಜನಹಳ್ಳಿಯ ಬಳಿ. ಬೆಳಗ್ಗೆ ವಸತಿಗೃಹದ ಸ್ನಾನದ ಮನೆಯಲ್ಲಿ ಧಾರಾಳವಾಗಿ ನೀರು ಸುರಿದುಕೊಂಡ ಅತಿಥಿಯು ಸಂಜೆ ಈ ದಂಡೆಯಲ್ಲಿ ನಿಂತಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಆ ನೀರು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು?

ದಾವಣಗೆರೆಯವರಿಗೆ ಉಪಾಹಾರಗೃಹದ ಕೀರ್ತಿ ಹೇಗೆ ಹಬ್ಬುತ್ತದೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಸಾವಳಗಿ ನಾಟಕಗೃಹದ ಮುಂದೆ ಚೆನ್ನಮ್ಮ ಎಂಬ ಹೆಣ್ಣುಮಗಳು ದೋಸೆ ಹಾಕತೊಡಗಿದ್ದು 1928ರಲ್ಲಿ ಎಂದು ಊರವರು ಹೇಳುತ್ತಾರೆ. ಇಂದು ಬೆಣ್ಣೆದೋಸೆ ಎಂದರೆ ದಾವಣಗೆರೆ. ಈ ಹೆಸರು ಬಂದದ್ದು ಫಲಕಗಳಿಂದಲ್ಲ. ತಿಂದವನು ತಿನ್ನದವನಿಗೆ ಹೇಳಿದ ಮಾತಿನಿಂದ. ಬೆಣ್ಣೆಯ ರುಚಿಗೆ ನಾಲಗೆಯೇ ಸಾಕ್ಷಿ. ಆದರೆ ಪರಿಸರಕ್ಕೆ ಹಿತವಾಗಿ ನಡೆಯುವ ಹೋಟೆಲಿನ ಗುಣಕ್ಕೆ ಸಾಕ್ಷಿ ಯಾರು? ಬಚ್ಚಲ ನೀರನ್ನು ಶುದ್ಧಿಮಾಡಿ ಗಿಡಗಳಿಗೆ ಹಾಯಿಸುವುದು, ಬಿಸಿಲಿನಿಂದ ನೀರು ಕಾಯಿಸುವುದು, ಎಂಜಲೆಲೆಯನ್ನು ಗೊಬ್ಬರ ಮಾಡುವುದು, ಇವೆಲ್ಲ ನಡೆಯುವುದು ಹಿತ್ತಲಿನಲ್ಲಿ. ಅತಿಥಿಗೆ ಕಾಣುವುದು ಹಜಾರ ಮಾತ್ರ.

ಕಾಣದ್ದನ್ನು ನಂಬಿಸಹೊರಟ ಮಾಲೀಕರ ಮೇಲೆ ಅತಿಥಿಗೆ ಗುಮಾನಿ ಹುಟ್ಟಿದ್ದು ಸಹಜವೇ. ಟವೆಲನ್ನು ಮತ್ತೊಮ್ಮೆ ಬಳಸಿ ಭೂಮಿಯನ್ನು ಉಳಿಸಿರೆಂದು ಹೋಟೆಲುಗಳು ಕೋಣೆಯಲ್ಲಿ ಚೀಟಿ ಇಡುವುದನ್ನು ಕಂಡ ಅಮೆರಿಕದ ಜೇ ವೆಸ್ಟರ್‌ವೆಲ್ಡ್, 1986ರಲ್ಲಿ ಅದನ್ನು ‘ಗ್ರೀನ್‌ವಾಷಿಂಗ್’ ಎಂದು ಹಂಗಿಸಿದರು. ಹಸಿರು ಬಣ್ಣದ ಸುಣ್ಣ ಬಳಿಯುವುದೆಂದು ಇಟ್ಟುಕೊಳ್ಳಬಹುದು. ಉಳಿಯುವುದು ಭೂಮಿಯೋ ಮಾಲೀಕರ ಅಗಸನ ಲೆಕ್ಕವೋ ಎಂಬುದು ಅವರ ಪ್ರಶ್ನೆ. ಆದರೂ ಅತಿಥಿಯ ಮನಸ್ಸು ಕಲ್ಲಲ್ಲ. ಅಲ್ಲಿಯ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಪರಿಸರವನ್ನು ಉಳಿಸಿರೆಂಬ ಚೀಟಿಗೆ ನೂರಕ್ಕೆ ಸುಮಾರು 35 ಮಂದಿ ಓಗೊಟ್ಟರೆ, ಇತರ ಅತಿಥಿಗಳಲ್ಲಿ ಹೆಚ್ಚಿನವರು ಹೀಗೆ ಮಾಡುತ್ತಿದ್ದಾರೆಂಬ ಚೀಟಿಗೆ 44 ಮಂದಿ ಓಗೊಟ್ಟರು. ಉಪದೇಶ ಮಾಡದ್ದನ್ನು ಪಂಕ್ತಿಯ ನಡತೆ ಮಾಡಿತು. ಮದುವೆಯ ಊಟದಲ್ಲಿ ಪಕ್ಕದವರು ಎಲೆಯಲ್ಲಿ ಅನ್ನ ಬಿಡದಿದ್ದರೆ ತಾನೂ ಬಿಡಲು ನಾಚುವ ನಮ್ಮವರಿಗೆ ಇದು ಹೊಸ ತತ್ತ್ವವಲ್ಲ.

ಅತಿಥಿಯು ಇಂಥ ಮನೆಯನ್ನು ಆರಿಸಲು ಎರಡನೆಯ ಕಾರಣ, ಹೋಟೆಲಿನ ಅನ್ನವೂ ಕಾಡಿನ ಇಲ್ಲವೇ ಹೊಳೆಯ ಉಳಿವೂ ಒಂದೇ ಎಂಬುದು ಕಣ್ಣಿಗೆ ಕಾಣುವುದು. ಕರ್ನಾಟಕದಲ್ಲಿ 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ದಂಡೆಯ ಮನೆಗೆ ಜನ ಹೋಗುವುದು ಆನೆಯನ್ನು ನೋಡಲು. ಕಾಡು ಅಳಿದರೆ ಆ ಮನೆಗೂ ಬೀಗ ಬೀಳುತ್ತದೆಂದು ಮಗುವಿಗೂ ತಿಳಿಯುತ್ತದೆ. ಪೇಟೆಯ ಹೋಟೆಲಿನಲ್ಲಿ ಈ ನಂಟು ಗೋಡೆಯ ಹಿಂದೆ ಅಡಗಿರುತ್ತದೆ.

ಗುತ್ತೂರಿನ ಸೀಮೆಯಲ್ಲಿ ಆ ಗೋಡೆ ಇಲ್ಲ. ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ರೇಯಾನ್ ತಿರುಳಿನ ಕಾರ್ಖಾನೆ ಆರಂಭವಾಯಿತು. ಹೊಳೆಯ ನೀರು ಕೆಟ್ಟಿತೆಂದು ದಂಡೆಯ ಹಳ್ಳಿಗರು 1980ರ ದಶಕದಲ್ಲಿ ಚಳವಳಿ ಹೂಡಿದರು. ಸಮಾಜ ಪರಿವರ್ತನ ಸಮುದಾಯವು ಅವರ ಜೊತೆ ನಿಂತಿತು. ಮೇಲಿನವನು ಬಿಟ್ಟದ್ದನ್ನು ಕೆಳಗಿನವನು ಕುಡಿಯಬೇಕಾಗುತ್ತದೆಂಬ ಪಾಠವನ್ನು ಈ ಹೊಳೆಸಾಲಿನ ಜನ ಪುಸ್ತಕದಿಂದ ಕಲಿತವರಲ್ಲ. ಕಾರ್ಖಾನೆಗೆ ಸಲ್ಲುವ ಮಾತು ಹೋಟೆಲಿಗೂ, ಅಲ್ಲಿ ಒಂದು ರಾತ್ರಿ ತಂಗುವವನಿಗೂ ಸಲ್ಲುತ್ತದೆ. ಪ್ರಮಾಣ ಬೇರೆ, ಧರ್ಮ ಒಂದೇ.

ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳನ್ನು ಕರ್ನಾಟಕವು 2016ರಲ್ಲಿಯೂ ಭಾರತ ಸರ್ಕಾರವು 2022ರಲ್ಲಿಯೂ ನಿಷೇಧಿಸಿದವು. ಆದುದರಿಂದ ಬಾಳೆಲೆಯಲ್ಲಿ ಬಡಿಸಿದ ಮಾತ್ರಕ್ಕೆ ಇಂದು ಯಾವ ಮಾಲೀಕರೂ ಹೊಗಳಿಕೆಯನ್ನು ನಿರೀಕ್ಷಿಸಲಾಗದು. ಹೊಗಳಿಕೆಗೆ ಅರ್ಹವಾದದ್ದು ಹಿತ್ತಲ ಬಾಗಿಲನ್ನು ತೆರೆದು ತೋರಿಸುವ ಧೈರ್ಯ. ಒಬ್ಬನು ಇನ್ನೊಬ್ಬನಿಗೆ ‘ಅಲ್ಲಿಯೇ ಇಳಿದುಕೊಳ್ಳಿ’ ಎನ್ನುವಾಗ ತನ್ನ ಮಾತನ್ನೇ ಒತ್ತೆಯಿಡುತ್ತಾನೆ. ಹಾಸಿಗೆ ಮೆತ್ತಗಿದ್ದುದಕ್ಕೆ ಬೆನ್ನು ಸಾಕ್ಷಿ ಹೇಳೀತು. ಚರಂಡಿ ಹೊಳೆಗೆ ಬೀಳುವುದಿಲ್ಲವೆಂಬುದಕ್ಕೆ ಕಣ್ಣು ಕಂಡಿರಬೇಕು. ಕಂಡವನು ಕೇಳದಿದ್ದರೂ ಹೇಳುತ್ತಾನೆ. ಕಾಣದವನು ಕೇಳಿದರೂ ತಡವರಿಸುತ್ತಾನೆ.

ಸಂಜೆಯ ಬೆಳಕು ಕುಂದುವ ಹೊತ್ತಿಗೆ ಯಾತ್ರಿಕನು ದಂಡೆಯನ್ನು ಬಿಟ್ಟು ತನ್ನ ಕೋಣೆಗೆ ಮರಳುತ್ತಾನೆ. ಕೈತೊಳೆಯಲು ನಲ್ಲಿ ತಿರುಗಿಸಿದಾಗ ಅವನಿಗೆ ಹೊಳೆಯ ನೆನಪಾದರೆ, ಗುತ್ತೂರಿನವರೆಗೆ ಬಂದದ್ದು ವ್ಯರ್ಥವಾಗಲಿಲ್ಲ.