ಮುನ್ನೂರು ರೂಪಾಯಿಯ ರಸೀದಿ

ಕಳೆದ ಮಳೆಗಾಲದ ಒಂದು ಸಂಜೆ ಹಿರಿಯರೊಬ್ಬರು ಕಾಸರಗೋಡಿನ ನನ್ನ ಕಚೇರಿಗೆ ಬಂದರು. ತಾಳಮದ್ದಳೆಯ ಧ್ವನಿಮುದ್ರಿಕೆಗಳನ್ನು ಮೊದಲು ಕ್ಯಾಸೆಟ್ಟುಗಳಲ್ಲಿಯೂ ಅನಂತರ ಸಿ.ಡಿ.ಗಳಲ್ಲಿಯೂ ಹೊರತಂದವರು ಅವರು. ಚೀಲದಲ್ಲಿ ಕಲಾವಿದರೊಡನೆ ಮಾಡಿಕೊಂಡ ಕರಾರುಪತ್ರಗಳಿದ್ದುವು. ತಮ್ಮ ಮುದ್ರಿಕೆಗಳನ್ನು ಯಾರೋ ಮೊಬೈಲಿಗೆ ಇಳಿಸಿ ಊರೆಲ್ಲ ಹಂಚುತ್ತಿದ್ದಾರೆ, ನೋಟೀಸು ಕೊಡಬಹುದೇ ಎಂದು ಕೇಳಿದರು.

'ಧಾರಾಳವಾಗಿ' ಎಂದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮನ್ನು ವಿವರಿಸಿದೆ: 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಪ್ರಸಂಗ ಯಾವುದೆಂದು ಕೇಳಿದೆ. 'ವಾಲಿವಧೆ' ಎಂದರು. ನನ್ನ ಮಾತು ಅಲ್ಲಿಗೆ ನಿಂತಿತು. ಆ ದಿನ ಬೆಳಿಗ್ಗೆ ನ್ಯಾಯಾಲಯಕ್ಕೆ ಬರುವಾಗ ಕಾರಿನಲ್ಲಿ ನಾನು ಕೇಳಿದ್ದು ಅದನ್ನೇ. ಬಂಧುವೊಬ್ಬರು ಕಳುಹಿಸಿದ್ದರು; ನಾನು ಅಕ್ಕನಿಗೂ ಕಳುಹಿಸಿದ್ದೆ. ಮರೆಯಲ್ಲಿ ನಿಂತು ಬಾಣ ಬಿಟ್ಟುದು ಧರ್ಮವೇ ಎಂದು ವಾಲಿ ಕೇಳುವ ಭಾಗವನ್ನು ಎರಡು ಬಾರಿ ಕೇಳಿ ತಲೆದೂಗಿದ್ದೆ.

ಮುಚ್ಚಿಡಲಾರದೆ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ, ನಕ್ಕರು. 'ಹಾಗಾದರೆ ನೋಟೀಸು ಯಾರಿಗೆ ಕಳಿಸೋಣ? ಕದ್ದವರೂ ನಮ್ಮವರೇ, ಕೇಳುವವರೂ ನಮ್ಮವರೇ' ಎಂದರು. ಮತ್ತೆ ಮೆಲ್ಲನೆ, ಇನ್ನೊಂದು ಪ್ರಸಂಗದ ಧ್ವನಿಮುದ್ರಣ ಸಿದ್ಧವಾಗಿ ಮನೆಯಲ್ಲಿ ಕುಳಿತಿದೆ, ಹಿಂದಿನದರ ಖರ್ಚೇ ಹುಟ್ಟದ ಕಾರಣ ಹೊರತರಲು ಧೈರ್ಯವಿಲ್ಲ, ಅದರಲ್ಲಿ ಅರ್ಥ ಹೇಳಿದವರಲ್ಲಿ ಒಬ್ಬರು ಈಗ ಇಲ್ಲ ಎಂದರು.

ಪಾರ್ತಿಸುಬ್ಬನದೆಂದು ನಾವು ಹಾಡುವ ಪದ್ಯಗಳಿಗೆ ಇಂದು ಯಾರ ಸ್ವಾಮ್ಯವೂ ಇಲ್ಲ. ಆದರೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಇದನ್ನು ಕಾಲೇಜಿನಲ್ಲಿ ಓದಿ ತೇರ್ಗಡೆಯಾದವನು ನಾನು. ಬಲ್ಲವನ ತಪ್ಪಿಗೆ ಅಜ್ಞಾನದ ನೆಪವೂ ಇಲ್ಲ.

ನನ್ನ ಬಾಲ್ಯದಲ್ಲಿ ಪೇಟೆಯ ಅಂಗಡಿಗೆ ಹಾಡುಗಳ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಹಣ ತೆತ್ತೆವಲ್ಲ, ಕೊಂಡಂತೆಯೇ ಎಂದು ನಂಬಿದ್ದೆವು. ಹಾಡಿದವರಿಗೆ ಅದರಲ್ಲಿ ಕಾಸೂ ಸೇರುತ್ತಿರಲಿಲ್ಲ. ಇಂದು ಅಂಗಡಿಯವನೂ ಇಲ್ಲ, ಬೆರಳೊಂದೇ ಸಾಕು.

ಗಡಿನಾಡಿನವರಾದ ನಮ್ಮದು ಬೇರೆ ವಾದ. ನಮ್ಮೂರಿನಲ್ಲಿ ಕನ್ನಡ ಚಿತ್ರ ತೆರೆಕಾಣುವುದೇ ಅಪರೂಪ, ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು, ಆದುದರಿಂದ ಇಳಿಸಿಕೊಂಡರೆ ತಪ್ಪೇನು? ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಎಲ್ಲಿಯೂ ಮಾರಾಟಕ್ಕಿಲ್ಲದ ಹಳೆಯ ಮುದ್ರಿಕೆಯೊಂದರ ಪ್ರತಿ ಮಾಡಿಕೊಂಡವನನ್ನು ಕಾನೂನು ಕ್ಷಮಿಸದಿದ್ದರೂ ನನ್ನ ಮನಸ್ಸು ಕಟುವಾಗಿ ದೂಷಿಸದು. ಆದರೆ ಹಣ ಕೊಟ್ಟರೆ ಮನೆಯಲ್ಲಿಯೇ ದೊರೆಯುವುದನ್ನು ಕದ್ದು ನೋಡುವವನಿಗೆ ಆ ಸಮಾಧಾನವಿಲ್ಲ. ಅರ್ಜಿ ನಮೂನೆ ಕನ್ನಡದಲ್ಲಿರಲಿ, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬರಲಿ ಎಂದು ನಾವು ಕೇಳುವಾಗ ನಮ್ಮ ಸಂಖ್ಯೆಯನ್ನು ಮುಂದಿಡುತ್ತೇವೆ. ಕದ್ದು ನೋಡಿದವನು ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇಲ್ಲಿ ಕನ್ನಡಕ್ಕೆ ಪ್ರೇಕ್ಷಕರಿಲ್ಲವೆಂದು ಹಂಚಿಕೆದಾರ ಹೇಳಿದರೆ, ಅದಕ್ಕೆ ಪುರಾವೆ ಒದಗಿಸಿದವರು ನಾವೇ.

ಶಾಲೆಯ ಹೆತ್ತವರು ಆಗಾಗ ಕೇಳುವುದರಿಂದ ಒಂದೆರಡು ಮಾತು. ಕಾನೂನು ನಾವು ಅಂಜುವಷ್ಟು ಬಿಗಿಯಾಗಿಲ್ಲ. ಶಾಲೆಯ ಚಟುವಟಿಕೆಯ ಅಂಗವಾಗಿ ಮಕ್ಕಳು ಹಾಡುವುದಕ್ಕೆ, ನಾಟಕವಾಡುವುದಕ್ಕೆ, ಅಧ್ಯಾಪಕರು, ಮಕ್ಕಳು, ಹೆತ್ತವರಷ್ಟೇ ಕುಳಿತು ಚಲನಚಿತ್ರ ನೋಡುವುದಕ್ಕೆ 52ನೆಯ ಕಲಮು ಅವಕಾಶವಿತ್ತಿದೆ. ಲೇಖಕರ ಕೃತಿಗಳ ಹಕ್ಕು ಅವರ ಮರಣದ ಅನಂತರ 60 ವರ್ಷ. 1963ರಲ್ಲಿ ತೀರಿಹೋದ ಮಂಜೇಶ್ವರ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಅಚ್ಚು ಹಾಕಿ ಹಂಚಿದರೂ ತಪ್ಪಿಲ್ಲ. 2015ರಲ್ಲಿ ಅಗಲಿದ ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳಿಗೆ 2075ರ ಕೊನೆಯವರೆಗೆ ರಕ್ಷಣೆಯಿದೆ. ಇಷ್ಟನ್ನು ಮಕ್ಕಳಿಗೆ ತಿಳಿಸಿದರೆ ಯಾವುದು ನಮ್ಮದು, ಯಾವುದು ಪರರದು ಎಂಬ ವಿವೇಕ ತಾನಾಗಿ ಮೂಡೀತು.

ಹೊರಡುವ ಮುನ್ನ ಅವರು ನನ್ನ ಶುಲ್ಕವೆಷ್ಟೆಂದು ಕೇಳಿದರು. ನಾನು ಸಿ.ಡಿ.ಯ ಬೆಲೆ ಕೇಳಿದೆ. ನೂರೈವತ್ತು. ನನ್ನದೊಂದು, ಅಕ್ಕನದೊಂದು, ಮುನ್ನೂರು ಕೊಟ್ಟೆ. ಬೇಡವೆನ್ನುವರೆಂದು ಎಣಿಸಿದ್ದೆ. ಅವರು ಎಣಿಸಿ ಜೇಬಿಗಿಳಿಸಿ, ಚೀಲದಿಂದ ಹಳೆಯ ರಸೀದಿ ಪುಸ್ತಕ ತೆಗೆದು ನನ್ನ ಹೆಸರು ಬರೆದು ಹರಿದುಕೊಟ್ಟರು. ಪುಸ್ತಕದಲ್ಲಿ ಇನ್ನೂ ಬಹಳ ಹಾಳೆಗಳು ಉಳಿದಿದ್ದುವು.

ನೋಟೀಸು ಬರೆಯಲಿಲ್ಲ. ರಸೀದಿ ನನ್ನ ಮೇಜಿನ ಗಾಜಿನಡಿಯಲ್ಲಿದೆ. ಅಕ್ಕನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವಳು ಅದನ್ನು ನಾಲ್ವರಿಗೆ ಕಳುಹಿಸಿದ್ದಳಂತೆ. ಆ ನಾಲ್ವರಿಂದಲೂ ಹಣ ಸೇರಿಸುತ್ತಿದ್ದಾಳೆ.