ಎರಡು ಅಟ್ಟಗಳು

ನಮ್ಮ ಈಶ್ವರಮಂಗಲದ ಮನೆಗೆ ಎರಡು ಅಟ್ಟಗಳಿದ್ದುವು. ಒಂದು ಅಡುಗೆಮನೆಯ ಮೇಲೆ, ಇನ್ನೊಂದು ಕೊಟ್ಟಿಗೆಯ ಮೇಲೆ. ಚಾವಡಿಯಲ್ಲಿ ಎಡೆಯಿಲ್ಲದ, ಆದರೆ ಎಸೆಯಲು ಮನಸ್ಸು ಬಾರದ ವಸ್ತುಗಳೆಲ್ಲ ಅಲ್ಲಿಗೆ ಏರುತ್ತಿದ್ದುವು: ಉಪ್ಪಿನಕಾಯಿಯ ಭರಣಿ, ಮದುವೆಗೆ ಮಾತ್ರ ಕೆಳಗಿಳಿಯುವ ದೊಡ್ಡ ಪಾತ್ರೆ, ಮುರಿದ ತೊಟ್ಟಿಲು, ಧಾರಣೆ ಏರಲೆಂದು ಕಾಯುವ ಚಾಲಿ ಅಡಿಕೆಯ ಗೋಣಿ. ಅಜ್ಜಿಯ ಕಟ್ಟಳೆ ಒಂದೇ. ಮೊದಲು ಅಡುಗೆಮನೆಯ ಅಟ್ಟ ತುಂಬಬೇಕು. ಅಲ್ಲಿ ಕಾಲಿಡಲು ಜಾಗವಿಲ್ಲವೆಂದಾದ ಮೇಲೆ ಕೊಟ್ಟಿಗೆಯದು. ಇದು ಬರಿಯ ಗೃಹಕೃತ್ಯದ ಮಾತೆಂದು ನಾನು ನಲವತ್ತು ವರ್ಷ ದಾಟುವ ತನಕವೂ ತಿಳಿದಿದ್ದೆ. ಕಂಪ್ಯೂಟರಿನ ಹೊಟ್ಟೆಯೊಳಗೂ ಇದೇ ವ್ಯವಹಾರ ನಡೆಯುತ್ತದೆಂದು ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ, ತಕ್ಕ ನಷ್ಟ ಅನುಭವಿಸಿದ ಮೇಲೆ.

ನನ್ನ ಅಜ್ಜ ತಾಳಮದ್ದಳೆಯ ಅರ್ಥಧಾರಿ. ತಾನು ಹೇಳುವ ಅರ್ಥವನ್ನು ನೋಟುಪುಸ್ತಕಗಳಲ್ಲಿ ಬರೆದಿಡುವುದು ಅವರ ಅಭ್ಯಾಸ. ಹನ್ನೆರಡು ಪ್ರಸಂಗಗಳು, ಒಂದೊಂದಕ್ಕೆ ಎರಡರಂತೆ ಇಪ್ಪತ್ತನಾಲ್ಕು ಪುಸ್ತಕಗಳು. ನಾನು ಹುಟ್ಟುವುದಕ್ಕೆ ಮೊದಲು ಒಮ್ಮೆ ಚಾವಡಿಯ ಸೋಗೆ ಕಿತ್ತು ಹಂಚು ಹೊದೆಸಿದರಂತೆ. ಮೋಡ ಕವಿಯುತ್ತಿತ್ತು, ಅವಸರದ ಕೆಲಸ. ಅಪ್ಪ ರಾಶಿಯಿಂದ ಒಂದು ಪುಸ್ತಕ ಎತ್ತಿದರೆ ಕೆಲಸದಾಳು ಮುಂದಿನದನ್ನು ಎತ್ತುತ್ತಿದ್ದ. ಅಪ್ಪನ ಕೈಯದು ಅಡುಗೆಮನೆಯ ಅಟ್ಟಕ್ಕೆ, ಆಳಿನದು ಕೊಟ್ಟಿಗೆಯ ಅಟ್ಟಕ್ಕೆ. ಕೆಲಸವೇನೋ ಅರ್ಧ ಹೊತ್ತಿನಲ್ಲಿ ಮುಗಿಯಿತು. ಅಡುಗೆಮನೆಯ ಹೊಗೆ ಕುಡಿದ ಪುಸ್ತಕಗಳು ಕಪ್ಪಾದರೂ ಉಳಿದುವು. ಕೊಟ್ಟಿಗೆಯ ಮೇಲಿನವನ್ನು ಗೆದ್ದಲು ಮಣ್ಣು ಮಾಡಿತು. ಹೀಗೆ 1, 3, 5 ಉಳಿದು 2, 4, 6 ಹೋಗಿ, ಹನ್ನೆರಡರಲ್ಲಿ ಒಂದು ಪ್ರಸಂಗವೂ ಇಡಿಯಾಗಿ ದಕ್ಕಲಿಲ್ಲ. ಮೊದಲ ಹನ್ನೆರಡು ಪುಸ್ತಕಗಳನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ಇಟ್ಟಿದ್ದರೆ ಆರಾದರೂ ಪೂರ್ತಿ ಸಿಗುತ್ತಿದ್ದುವು.

ಹೋದ ಅರ್ಧ ಈಗ ಇರುವುದು ಅಮ್ಮನ ನೆನಪಿನಲ್ಲಿ ಮಾತ್ರ. ಸೊಸೆಯಾಗಿ ಬಂದ ಹೊಸತರಲ್ಲಿ ಬಾಗಿಲ ಮರೆಯಿಂದ ಕೇಳಿದ ಮಾವನ ಅರ್ಥ ಎಪ್ಪತ್ತೆಂಟರ ಈ ವಯಸ್ಸಿನಲ್ಲಿ ಅವರಿಗೆ ತುಂಡು ತುಂಡಾಗಿ ಬರುತ್ತದೆ. ಅವರು ಹೇಳುವುದು, ನಾನು ಟೈಪು ಮಾಡುವುದು. ಉಳಿದ ಪುಸ್ತಕಗಳ ಪುಟಗಳನ್ನು ಸ್ಕ್ಯಾನು ಮಾಡಿ ಅದೇ ಕಡತದಲ್ಲಿ ಪಕ್ಕಕ್ಕೆ ಅಂಟಿಸುವುದು. ಒಂದು ಮಧ್ಯಾಹ್ನ ಅಂಬೆಗೆ ಭೀಷ್ಮ ಕೊಡುವ ಉತ್ತರ ಬಂತು. ಎರಡು ಗಂಟೆ ಅಮ್ಮ ತಡೆಯಿಲ್ಲದೆ ಹೇಳಿದರು. ಅಷ್ಟರಲ್ಲಿ ಯಂತ್ರ ಮಂಕಾಯಿತು, ಬಾಣದ ಗುರುತು ನಿಂತಿತು, ತೆರೆದಿದ್ದ ಕಡತ ಕಣ್ಣೆದುರೇ ಮಾಯವಾಯಿತು. ತಾನಾಗಿ ಉಳಿಸಿಕೊಳ್ಳುವ ಏರ್ಪಾಡು ಪದೇ ಪದೇ ಕೆಲಸ ತಡೆಯುತ್ತದೆಂದು ಅದನ್ನು ನಿಲ್ಲಿಸಿದ ಬುದ್ಧಿವಂತ ನಾನೇ. ಮರುದಿನ ಕೇಳಿದಾಗ ಅಮ್ಮ, "ಆಗ ಬಂತು ಮಗ, ಈಗ ಬರುವುದಿಲ್ಲ. ಒತ್ತಾಯ ಮಾಡಬೇಡ" ಎಂದರು.

ಅಕ್ಕನ ಮಗನನ್ನು ಕರೆಸಿದೆ. ಅಕ್ಕನನ್ನು ಕೊಟ್ಟದ್ದು ಗಾಳಿಮುಖದ ಆಚೆಗೆ, ಕಾಸರಗೋಡು ಜಿಲ್ಲೆಗೆ. ಹುಡುಗ ಓದಿದ್ದು ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಯೋಜನೆಯ ದೆಸೆಯಿಂದ ಅಲ್ಲಿಯ ಮಕ್ಕಳು ಯುನಿಕ್ಸ್ ಮನೆತನದ ಗ್ನೂ/ಲಿನಕ್ಸಿನಲ್ಲೇ ಕೈ ತಿದ್ದುತ್ತಾರೆ. ನನ್ನ ಯಂತ್ರಕ್ಕೂ ಅದನ್ನೇ ಹಾಕಿಕೊಟ್ಟವನು ಅವನು.

"ಮಾವ, ನಿಮ್ಮ ಮೆಮೊರಿ 4 ಜಿಬಿ. ಅದು ತುಂಬಿದೆ. ಸ್ವಾಪ್ ಇರುವುದು ಬರಿಯ 2 ಜಿಬಿ, ಅದೂ ತುಂಬಿದೆ. ಆಗ ಕರ್ನೆಲ್ ಒಬ್ಬನನ್ನು ಕೊಂದು ಉಳಿದವರನ್ನು ಬದುಕಿಸುತ್ತದೆ. ಸಾಧಾರಣವಾಗಿ ಎಲ್ಲರಿಗಿಂತ ಹೆಚ್ಚು ತಿನ್ನುವವನನ್ನು."

ಸ್ವಾಪ್ ಎಂದರೆ ಅಟ್ಟವೆಂದು ಆಗ ಹೊಳೆಯಿತು. ಮೆಮೊರಿ ಚಾವಡಿ, ಅಲ್ಲಿ ಸದ್ಯಕ್ಕೆ ಬೇಡದ ಸಾಮಾನನ್ನು ಯಂತ್ರ 4096 ಬೈಟುಗಳ ತುಂಡುಗಳಾಗಿ ಡಿಸ್ಕಿನ ಮೇಲಿರಿಸುತ್ತದೆ, ಬೇಕಾದಾಗ ಇಳಿಸುತ್ತದೆ. ಆ ತುಂಡಿಗೆ ಅವರೂ ಪುಟವೆಂದೇ ಹೆಸರಿಟ್ಟಿದ್ದಾರೆ. ಆದರೆ ಏಣಿ ಬಹಳ ಉದ್ದ. ಚಾವಡಿಯಿಂದ ಎತ್ತಿಕೊಳ್ಳಲು ಒಂದು ಸೆಕೆಂಡು ಹಿಡಿಯುತ್ತದೆಂದು ಲೆಕ್ಕ ಹಾಕಿದರೆ, ತಿರುಗುವ ಡಿಸ್ಕಿನ ಅಟ್ಟದಿಂದ ಇಳಿಸಲು ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಹತ್ತಿ ಇಳಿಯುವುದೇ ಕೆಲಸವಾಗಿ ಬೇರೇನೂ ನಡೆಯದ ದುರವಸ್ಥೆಯನ್ನು ಪೀಟರ್ ಡೆನ್ನಿಂಗ್ ಎಂಬ ವಿದ್ವಾಂಸ 1968ರಲ್ಲಿ ಥ್ರ್ಯಾಷಿಂಗ್ ಎಂಬ ಹೆಸರಿನಲ್ಲಿ ವಿವರಿಸಿದನು. ಪಡಿಮಂಚಕ್ಕೆ ಬರಿಯ ಹುಲ್ಲನ್ನೇ ಬಡಿದಂತೆ ಎಂದು ನಮ್ಮವರು ಹೇಳಿಯಾರು.

ಈ ಉಪಾಯದ ವಂಶಾವಳಿ ದೊಡ್ಡದು. ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರ 1962ರಲ್ಲೇ ತಿರುಗುವ ಡ್ರಮ್ಮನ್ನು ಅಟ್ಟ ಮಾಡಿಕೊಂಡಿತ್ತು. ಅಟ್ಟವನ್ನು ಹಲವು ಡಿಸ್ಕುಗಳಿಗೆ ಹಂಚುವ ಸ್ವಾಪಾನ್ ಎಂಬ ಆಜ್ಞೆ ಬಂದದ್ದು ಬರ್ಕ್ಲಿಯ ಯುನಿಕ್ಸಿನಲ್ಲಿ, 1980ರಲ್ಲಿ. ನನಗೆ ಹೆಚ್ಚು ಹಿಡಿಸಿದ ಕಥೆ ಲಿನಕ್ಸಿನದು. ಜರ್ಮನಿಯ ಒಬ್ಬನ ಬಳಿ 2 ಎಂಬಿ ಮೆಮೊರಿ ಮಾತ್ರ ಇದ್ದು ಕೆಲಸ ಸಾಗುತ್ತಿರಲಿಲ್ಲ. ಲೀನಸ್ ಟೊರ್ವಾಲ್ಡ್ಸ್, ತನಗೆ ಬೇಕಿಲ್ಲದಿದ್ದರೂ, 1991ರ ಕ್ರಿಸ್‌ಮಸ್ ರಜೆಯಲ್ಲಿ ಕೂತು ಅವನಿಗಾಗಿ ಇದನ್ನು ಬರೆದನು. ಬಡವನ ಮನೆಗೆ ಅಟ್ಟ ಕಟ್ಟಿಕೊಟ್ಟಂತೆ.

ಹುಡುಗ ಯಾವುದೋ ಹಳೆಯ ಕಂಪ್ಯೂಟರಿನಿಂದ ಎರಡನೆಯ ಡಿಸ್ಕು ತಂದಿದ್ದ. ಒಂದೇ ಡಿಸ್ಕನ್ನು ಎರಡು ಪಾಲು ಮಾಡಿ ಎರಡು ಅಟ್ಟವೆಂದುಕೊಳ್ಳುವುದು ಮೂರ್ಖತನವಂತೆ; ಹತ್ತುವ ಆಳು ಒಬ್ಬನೇ, ಆ ಮೂಲೆಗೂ ಈ ಮೂಲೆಗೂ ಓಡಿ ಸಾಯುತ್ತಾನೆ. ಡಿಸ್ಕು ಬೇರೆಯಾದರೆ ಆಳೂ ಬೇರೆ. ಎರಡರಲ್ಲೂ 8 ಜಿಬಿ ಜಾಗ ಕಟ್ಟಿ, ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದೊಂದಕ್ಕೂ ಪ್ರಯಾರಿಟಿಯ ಅಂಕೆ ಬರೆಯಬೇಕು. ಇಲ್ಲಿ ದೊಡ್ಡ ಅಂಕೆಗೆ ಮೊದಲ ಮಣೆ. 32767ರ ತನಕ ಕೊಡಬಹುದು. ಅಂಕೆ ಬೇರೆಯಾದರೆ ಅಜ್ಜಿಯ ಕಟ್ಟಳೆ: ದೊಡ್ಡದು ತುಂಬಿದ ಮೇಲೆ ಚಿಕ್ಕದು. ಅಂಕೆ ಸಮವಾದರೆ ಪುಟಗಳು ಸರದಿಯಂತೆ ಎರಡಕ್ಕೂ ಹೋಗುತ್ತವೆ, ವೇಗ ಹೆಚ್ಚುತ್ತದೆ. ಆದರೆ ಎರಡೂ ಡಿಸ್ಕು ಸಮಬಲದವಾಗಿರಬೇಕು. ಜೋಡಿ ಎತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದೂ ಕಾಯಬೇಕಷ್ಟೆ.

"ಎರಡಕ್ಕೂ 10 ಹಾಕಿದ್ದೇನೆ ಮಾವ."

ನಾನು ತಲೆದೂಗಿದೆ. ಅಪ್ಪ ಮತ್ತು ಆಳು ಆ ಹೊತ್ತಿಗೆ ನೆನಪಾಗಬೇಕಿತ್ತು, ಆಗಲಿಲ್ಲ.

ಎರಡು ವಾರ ಸುಖವಾಗಿ ಸಾಗಿತು. ಮೂರನೆಯ ವಾರ ಯಂತ್ರ ಮತ್ತೆ ತಡವರಿಸಿತು. ಹುಡುಗ ಬಂದು ಕರ್ನೆಲ್ಲಿನ ದಿನಚರಿ ತೆರೆದು ನೋಡಿ ಮುಖ ಸಣ್ಣದು ಮಾಡಿದ. ಹಳೆಯ ಡಿಸ್ಕು ಅಲ್ಲಲ್ಲಿ ಓದಲು ಬಾರದಂತಾಗಿತ್ತು. ಕೆಟ್ಟ ತಾಣಗಳ ಎಣಿಕೆ ದಿನಕ್ಕೆ ದಿನ ಏರುತ್ತಿತ್ತು. "ಇದು ಪೂರ್ತಿ ಸತ್ತರೆ ಒಳ್ಳೆಯ ಡಿಸ್ಕಿನ ಸ್ವಾಪ್ ಇದ್ದೂ ಪ್ರಯೋಜನವಿಲ್ಲ. ಒಂದೇ ಕೆಲಸದ ಪುಟಗಳು ಅಲ್ಲಿ ಕೆಲವು, ಇಲ್ಲಿ ಕೆಲವು. ಅರ್ಧ ಸಿಗದಿದ್ದರೆ ಆ ಕೆಲಸವೇ ಸಾಯುತ್ತದೆ."

"1, 3, 5" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಮ್ಮ ಜಗಲಿಯಿಂದಲೇ ಗೆದ್ದಲಿನ ಕಥೆ ಹೇಳಿದರು. ಕೇಳಿ ಅವನೆಂದ: ಪ್ರತಿಯೊಂದು ಪುಟವನ್ನೂ ಎರಡು ಡಿಸ್ಕುಗಳಲ್ಲೂ ಬರೆಯುವ ಕನ್ನಡಿಯಂಥ ಏರ್ಪಾಡೂ ಉಂಟು, ಜಾಗ ಇಮ್ಮಡಿ ತಿನ್ನುತ್ತದೆ, ಆದರೆ ಒಂದು ಸತ್ತರೂ ಇನ್ನೊಂದು ಸಾಗಿಸುತ್ತದೆ. "ಅಜ್ಜ ಎರಡು ಪ್ರತಿ ಬರೆಯಬೇಕಿತ್ತು" ಎಂದು ನಕ್ಕ. ಇಪ್ಪತ್ತನಾಲ್ಕು ಪುಸ್ತಕ ಕೈಯಲ್ಲಿ ಬರೆದವರಿಗೆ ಹೇಳುವ ಮಾತಲ್ಲ ಅದು.

ಅಟ್ಟ ಕೆಡಹುವ ಮೊದಲು ಸಾಮಾನು ಇಳಿಸಬೇಕಲ್ಲವೆ? ಸ್ವಾಪಾಫ್ ಎಂಬ ಆಜ್ಞೆ ಅದನ್ನೇ ಮಾಡುತ್ತದೆ. ಇಳಿಸಿದ್ದಕ್ಕೆ ಬೇರೆಲ್ಲೂ ಎಡೆಯಿಲ್ಲದಿದ್ದರೆ ಆಗದೆಂದು ಹೇಳಿಬಿಡುತ್ತದೆ. ಕೆಟ್ಟ ಡಿಸ್ಕಿನಿಂದ ಪುಟ ಇಳಿಯುವುದನ್ನು ಕಾಯುತ್ತ ಕೂತೆವು. ಪರದೆಯ ಮೇಲಿನ ಸಂಖ್ಯೆ ಇಳಿಯುತ್ತ, ಒಂದು ಕಡೆ ಬಹಳ ಹೊತ್ತು ನಿಂತು, ಮತ್ತೆ ಇಳಿದು ಸೊನ್ನೆಯಾಯಿತು. ಮುಂದಿನ ವಾರ ಅವನು ಇನ್ನೊಂದು 4 ಜಿಬಿ ಮೆಮೊರಿ ಸಿಕ್ಕಿಸಿದ. ಅಟ್ಟಕ್ಕಿಂತ ಚಾವಡಿ ದೊಡ್ಡದಾಗುವುದೇ ಸರಿಯಾದ ಮದ್ದು ಎಂದು ಮೊದಲೇ ಹೇಳಬಾರದಿತ್ತೆ ಎಂದರೆ, ನೀವು ಖರ್ಚು ಬೇಡವೆಂದಿರಿ ಎಂದ. ನಿಜ.

ಈಗ ನಾನು ಎರಡು ಸಾಲಿಗೊಮ್ಮೆ ಉಳಿಸುತ್ತೇನೆ, ರಾತ್ರಿ ಬೇರೊಂದು ಡಿಸ್ಕಿಗೂ ಪ್ರತಿ ತೆಗೆಯುತ್ತೇನೆ. ಅಮ್ಮ ಅಂಬೆಯ ಮಾತನ್ನು ಹೇಳುತ್ತಾರೆ. ಭೀಷ್ಮನ ಉತ್ತರ ಬರುವಲ್ಲಿ ನಿಂತು ಅಂಗಳ ನೋಡುತ್ತಾರೆ. ನಾನು ಅಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಬಿಚ್ಚಿದ ಡಿಸ್ಕನ್ನು ಎಲ್ಲಿಡಲಿ ಎಂದು ಹುಡುಗ ಕೇಳಿದ್ದ. "ಅಡುಗೆಮನೆಯ ಅಟ್ಟದಲ್ಲಿಡು, ಹೊಗೆ ತಾಗುತ್ತದೆ, ಹುಳ ಬರುವುದಿಲ್ಲ" ಎಂದರು ಅಮ್ಮ. ನಮ್ಮಲ್ಲಿ ಗ್ಯಾಸು ಬಂದು ಹದಿನೈದು ವರ್ಷವಾಯಿತು. ನಾನು ಏಣಿ ಹಿಡಿದುಕೊಂಡೆ, ಅವನು ಹತ್ತಿದ.